ಟೆಕ್ಸಸ್‌ನಲ್ಲಿ ಹೋಮ್‌ಸ್ಕೂಲ್: ಟ್ರಾನ್ಸ್‌ಕ್ರಿಪ್ಟ್, ಎಸ್‌ಎಟಿ, ಎಪಿ, ಕೌನ್ಸೆಲರ್ ಪತ್ರ – ಯಾವುದನ್ನ ಯಾವಾಗ ಮಾಡಬೇಕು?

ಮನೆಯೇಶಾಲೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರೋದು ಟೆಕ್ಸಸ್‌ನಲ್ಲಿ. ಮಗಳಿಗೆ ಒಂಬತ್ತನೇ ಗ್ರೇಡ್ ಮುಗಿಯಿತು, ಆಗಸ್ಟಿಗೆ ಹತ್ತು. ಪೂರ್ತಿ ಹೋಮ್‌ಸ್ಕೂಲ್, ಯಾವ ಆನ್‌ಲೈನ್ ಶಾಲೆಯಲ್ಲೂ ಹೆಸರಿಲ್ಲ. ಆಲ್ಜೀಬ್ರಾ 1 ಎಂಟನೇ ಗ್ರೇಡಿನಲ್ಲೇ ಆಗಿತ್ತು. ಜಾಮೆಟ್ರಿ, ಬಯಾಲಜಿ ಈ ವರ್ಷ ಮುಗಿದವು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬೇಕು ಅಂತ ಅವಳ ಆಸೆ.

ನಮಗೆ ಗೊತ್ತಾಗದೆ ಇರೋದು ಇಷ್ಟು. ಅಪ್ಪ ಅಮ್ಮನೇ ಬರೆದು ಸಹಿ ಹಾಕಿದ ಟ್ರಾನ್ಸ್‌ಕ್ರಿಪ್ಟನ್ನ (ಹೈಸ್ಕೂಲಿನ ಕೋರ್ಸು, ಅಂಕಗಳ ಪಟ್ಟಿ) ಯೂನಿವರ್ಸಿಟಿಯವರು ಒಪ್ಪುತ್ತಾರಾ, ಇಲ್ಲಾ ಹೈಸ್ಕೂಲಿಗೆ ಸಮ ಅನ್ನೋ ಜಿಇಡಿ ಪರೀಕ್ಷೆ ಬರೆಸಬೇಕಾ? ಪಿಎಸ್‌ಎಟಿ (ಕಾಲೇಜು ಪ್ರವೇಶಕ್ಕೆ ಬರೆಯೋ ಎಸ್‌ಎಟಿಯ ಪೂರ್ವಭಾವಿ ಪರೀಕ್ಷೆ), ಎಪಿ (ಹೈಸ್ಕೂಲಿನಲ್ಲೇ ಬರೆಯೋ ಕಾಲೇಜು ಮಟ್ಟದ ವಿಷಯ ಪರೀಕ್ಷೆ) ಎಲ್ಲ ಶಾಲೆಯೊಳಗೇ ನಡೆಯುತ್ತವೆ. ಶಾಲೆಯೇ ಇಲ್ಲದವರು ಎಲ್ಲಿ ಕೂತು ಬರೀಬೇಕು? "ಈಗೆಲ್ಲ ಟೆಸ್ಟ್ ಆಪ್ಷನಲ್ (ಸ್ಕೋರ್ ಕೊಡೋದು ಕಡ್ಡಾಯವಲ್ಲ), ಎಸ್‌ಎಟಿ ಬಿಟ್ಟುಬಿಡಿ" ಅಂತಾರೆ, ನಿಜವಾ? ಹಲವು ಕಾಲೇಜಿಗೆ ಒಂದೇ ಕಡೆ ಅರ್ಜಿ ಹಾಕೋ ಕಾಮನ್ ಆ್ಯಪ್‌ನಲ್ಲಿ ಶಾಲೆಯ ಪರವಾಗಿ ಬರೆಯೋ ಕೌನ್ಸೆಲರ್ ಒಬ್ಬರು ಬೇಕಂತೆ, ನಮಗೆ ಯಾರು ಕೌನ್ಸೆಲರ್?

ಅಂಕಪಟ್ಟಿ

ಮೇಡಂ, ಮೊದಲು ಜಿಇಡಿ ವಿಷಯ: ಬೇಡ. ಅದು ಹೈಸ್ಕೂಲ್ ಮುಗಿಸದೆ ಬಿಟ್ಟವರಿಗೆ ಇರೋ ದಾರಿ. ಟೆಕ್ಸಸ್‌ನಲ್ಲಿ ಹೋಮ್‌ಸ್ಕೂಲನ್ನ ಖಾಸಗಿ ಶಾಲೆಯ ಹಾಗೇ ನೋಡಬೇಕು ಅಂತ ರಾಜ್ಯದ ಸುಪ್ರೀಂ ಕೋರ್ಟ್ 1994ರ ಲೀಪರ್ ಮೊಕದ್ದಮೆಯಲ್ಲಿ ಹೇಳಿಯಾಗಿದೆ. ಹಾಗಾಗಿ ನಿಮ್ಮ ಮಗಳು ಮನೆಯಿಂದಲೇ "ಗ್ರ್ಯಾಜುಯೇಟ್" ಆಗುತ್ತಾಳೆ. ಡಿಪ್ಲೊಮಾ, ಟ್ರಾನ್ಸ್‌ಕ್ರಿಪ್ಟ್ ಕೊಡೋ ಅಧಿಕಾರ ನಿಮ್ಮದೇ. ಕಾಲೇಜು ಓದಿಗೆ ಫೆಡರಲ್ ನೆರವು ಕೇಳೋ ಎಫ್‌ಎಎಫ್‌ಎಸ್‌ಎ ಅರ್ಜಿಯಲ್ಲೂ ಹೋಮ್‌ಸ್ಕೂಲ್ ಅನ್ನೋ ಆಯ್ಕೆ ಬೇರೆಯಾಗೇ ಇದೆ. ಅಲ್ಲಿ ಜಿಇಡಿ ಅಂತ ಗುರುತು ಹಾಕಿದರೆ ಸುಮ್ಮನೆ ಗೊಂದಲ. (ಕೆಲಸದ ವೀಸಾದವರ ಮನೆಯವರಿಗೆ ಕೊಡೋ ಎಚ್-4 ವೀಸಾದ ಮಕ್ಕಳಿಗೆ ಫೆಡರಲ್ ನೆರವು ಸಿಗಲ್ಲ. ಅದು ವೀಸಾದ ಕಾರಣಕ್ಕೆ, ಹೋಮ್‌ಸ್ಕೂಲಿಗೂ ಅದಕ್ಕೂ ಸಂಬಂಧ ಇಲ್ಲ.)

ಟ್ರಾನ್ಸ್‌ಕ್ರಿಪ್ಟ್ ಒಂದೇ ಪುಟ ಇರಲಿ. ಮೇಲ್ಗಡೆ ನಿಮ್ಮ ಹೋಮ್‌ಸ್ಕೂಲಿನ ಹೆಸರು, ವಿಳಾಸ, ವಿದ್ಯಾರ್ಥಿಯ ಹೆಸರು, ಹುಟ್ಟಿದ ದಿನ, ಗ್ರ್ಯಾಜುಯೇಟ್ ಆಗೋ ತಾರೀಕು. ನಡುವೆ ಗ್ರೇಡ್‌ವಾರು ಕೋರ್ಸು, ಅಂಕ, ಕ್ರೆಡಿಟ್. ಕೆಳಗೆ ಒಟ್ಟು ಕ್ರೆಡಿಟ್, ಜಿಪಿಎ (4ಕ್ಕೆ ಲೆಕ್ಕ ಹಾಕೋ ಸರಾಸರಿ ಅಂಕ), ಎಷ್ಟು ಅಂಕಕ್ಕೆ ಎ, ಎಷ್ಟಕ್ಕೆ ಬಿ ಅನ್ನೋ ವಿವರ, ನಿಮ್ಮ ಸಹಿ, ತಾರೀಕು. ಕೆಲವು ಕಡೆ ನೋಟರಿ ಮುಂದೆ ಸಹಿ ಮಾಡಿದ ಪ್ರತಿ ಕೇಳುತ್ತಾರೆ, ಅದನ್ನ ಆಯಾ ಕಾಲೇಜಿನ ಹೋಮ್‌ಸ್ಕೂಲ್ ಪುಟದಲ್ಲಿ ನೋಡಿಕೊಳ್ಳಿ.

ಕ್ರೆಡಿಟ್ ಲೆಕ್ಕ: 1 ಕ್ರೆಡಿಟ್‌ಗೆ ಅಳತೆಯಾಗಿರೋ ಕಾರ್ನೆಗಿ ಯೂನಿಟ್ ಅಂದರೆ 120 ಗಂಟೆ ಪಾಠ. ದಿನಕ್ಕೆ 50 ನಿಮಿಷದಂತೆ ವಾರಕ್ಕೆ 5 ದಿನ, 36 ವಾರ ಓದಿದರೆ 150 ಗಂಟೆ. ಅದಕ್ಕೆ ಧಾರಾಳವಾಗಿ 1 ಕ್ರೆಡಿಟ್ ಕೊಡಬಹುದು. ಅರ್ಧ ವರ್ಷದ ಕೋರ್ಸಿಗೆ 0.5. ಜಿಪಿಎ ತೆಗೆಯುವಾಗ ಬಹಳ ಜನ ತಪ್ಪೋದು ಈ ಅರ್ಧ ಕ್ರೆಡಿಟ್‌ನಲ್ಲೇ. ಜಾಮೆಟ್ರಿ 1 ಕ್ರೆಡಿಟ್, ಎ ಅಂದರೆ 4 ಪಾಯಿಂಟ್. ಬಯಾಲಜಿ 1 ಕ್ರೆಡಿಟ್, ಬಿ ಅಂದರೆ 3 ಪಾಯಿಂಟ್. ಹೆಲ್ತ್ ಅರ್ಧ ಕ್ರೆಡಿಟ್, ಎ ಆದರೂ 4ರಲ್ಲಿ ಅರ್ಧ, ಅಂದರೆ 2 ಪಾಯಿಂಟ್. ಒಟ್ಟು 9 ಪಾಯಿಂಟನ್ನ 2.5 ಕ್ರೆಡಿಟ್‌ನಿಂದ ಭಾಗಿಸಿದರೆ 3.6. ಕ್ರೆಡಿಟ್ ನೋಡದೆ 4, 3, 4 ಕೂಡಿಸಿ ಮೂರರಿಂದ ಭಾಗಿಸಿದರೆ 3.67 ಬರುತ್ತೆ. ವ್ಯತ್ಯಾಸ ಚಿಕ್ಕದೇ, ಆದರೆ ಅಡ್ಮಿಷನ್ ಆಫೀಸಿನವರು ತಾವೇ ಲೆಕ್ಕ ಹಾಕಿ ನೋಡಿದಾಗ ತಾಳೆಯಾಗದಿದ್ದರೆ ಉಳಿದ ಅಂಕಗಳ ಮೇಲೂ ಅನುಮಾನ ಬರುತ್ತೆ.

ಎಂಟನೇ ಗ್ರೇಡಿನ ಆಲ್ಜೀಬ್ರಾ 1 ಅನ್ನ "ಹೈಸ್ಕೂಲಿಗೆ ಮುಂಚೆ ಪಡೆದ ಕ್ರೆಡಿಟ್" ಅಂತ ಬೇರೆ ತಲೆಬರಹದಡಿ ಹಾಕಿ, ಅದು ಜಿಪಿಎಗೆ ಸೇರಿದೆಯೋ ಇಲ್ಲವೋ ಅಂತ ಒಂದು ಸಾಲು ಬರೆಯಿರಿ. ಕೋರ್ಸಿನ ಹೆಸರು ಎಲ್ಲರಿಗೂ ಗೊತ್ತಿರೋದೇ ಇರಲಿ: "ಆಲ್ಜೀಬ್ರಾ 2" ಅಂದರೆ ಅರ್ಥವಾಗುತ್ತೆ, "ಗಣಿತ, ಹತ್ತನೇ ಗ್ರೇಡ್" ಅಂದರೆ ಏನೂ ಗೊತ್ತಾಗಲ್ಲ. ಎಂಜಿನಿಯರಿಂಗಿಗೆ ಇಂಗ್ಲಿಷ್ 4 ಕ್ರೆಡಿಟ್, ಗಣಿತ 4 (ಕ್ಯಾಲ್ಕ್ಯುಲಸ್ ತನಕ), ಲ್ಯಾಬ್ ಸಹಿತ ವಿಜ್ಞಾನ 4 (ಕೆಮಿಸ್ಟ್ರಿ, ಫಿಸಿಕ್ಸ್ ಎರಡೂ ಸೇರಿ), ಸಮಾಜ ವಿಜ್ಞಾನ 3ರಿಂದ 4, ಭಾಷೆ ಕನಿಷ್ಠ 2. ಇಷ್ಟಿದ್ದರೆ ಬಹುಪಾಲು ಕಡೆ ಬಾಗಿಲು ತೆರೆದಿರುತ್ತೆ.

ಟ್ರಾನ್ಸ್‌ಕ್ರಿಪ್ಟಿಗಿಂತ ಹೆಚ್ಚು ಕೆಲಸ ಮಾಡೋದು ಕೋರ್ಸ್ ವಿವರಣೆ. ಪ್ರತಿ ಕೋರ್ಸಿಗೆ ನಾಲ್ಕೈದು ಸಾಲು ಸಾಕು. ಅರ್ಜಿಯಲ್ಲಿ ಇಂಗ್ಲಿಷಿನಲ್ಲಿರುತ್ತೆ, ಧಾಟಿ ಹೀಗಿರಲಿ:

"ಕೆಮಿಸ್ಟ್ರಿ, ಲ್ಯಾಬ್ ಸಹಿತ, 1 ಕ್ರೆಡಿಟ್. ಪರಮಾಣು ರಚನೆ, ರಾಸಾಯನಿಕ ಬಂಧ, ಸ್ಟೋಯ್ಕಿಯೊಮೆಟ್ರಿ, ಅನಿಲಗಳು, ಆಮ್ಲ ಮತ್ತು ಪ್ರತ್ಯಾಮ್ಲ, ರೆಡಾಕ್ಸ್. 24 ಪ್ರಯೋಗ, ಪ್ರತಿಯೊಂದಕ್ಕೂ ಲಿಖಿತ ವರದಿ. ಅಂಕ: ಅಧ್ಯಾಯ ಪರೀಕ್ಷೆಗಳು ಶೇ. 50, ಲ್ಯಾಬ್ ವರದಿ ಶೇ. 30, ಅಂತಿಮ ಪರೀಕ್ಷೆ ಶೇ. 20." ಇದರ ಜೊತೆ ಬಳಸಿದ ಪಠ್ಯಪುಸ್ತಕ, ಅದರ ಆವೃತ್ತಿ.

ಇದನ್ನ ಹನ್ನೆರಡನೇ ಗ್ರೇಡಿನಲ್ಲಿ ಕೂತು ನೆನಪಿಸಿಕೊಂಡು ಬರೆಯೋಕೆ ಆಗಲ್ಲ. ಈ ಬೇಸಿಗೆಯಲ್ಲೇ ಜಾಮೆಟ್ರಿ, ಬಯಾಲಜಿದು ಬರೆದಿಡಿ. ಲ್ಯಾಬ್ ನೋಟ್‌ಬುಕ್, ಎರಡು ಮೂರು ಒಳ್ಳೆ ಪ್ರಬಂಧ, ಅಂತಿಮ ಪರೀಕ್ಷೆ ಕಾಗದ ಎಸೆಯಬೇಡಿ.

ಪೆನ್ಸಿಲ್‌ಡಬ್ಬಿ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅದೆಲ್ಲ ಮನೆಯವರು ಕೊಟ್ಟ ಅಂಕ. ಆ ಅಂಕ ಗಟ್ಟಿ ಅಂತ ಹೇಳೋಕೆ ಹೊರಗಿನವರ ಸಾಕ್ಷಿ ಬೇಕು. ಅಲ್ಲೇ ಪರೀಕ್ಷೆಗಳು ಬರೋದು, ಅಲ್ಲೇ ಎಲ್ಲರೂ ತಾರೀಕು ತಪ್ಪಿಸಿಕೊಳ್ಳೋದು.

ಎಪಿ: ಪರೀಕ್ಷೆ ಮೇ ಮೊದಲ ಎರಡು ವಾರ. ಆದರೆ ಶಾಲೆಗಳು ಪ್ರಶ್ನೆಪತ್ರಿಕೆ ಆರ್ಡರ್ ಮಾಡೋ ಗಡುವು ಹಿಂದಿನ ನವೆಂಬರ್ ಮಧ್ಯದಲ್ಲೇ. ಜನವರಿಯಲ್ಲಿ ಫೋನ್ ಮಾಡಿದರೆ "ಆಗಲ್ಲ" ಅನ್ನುತ್ತಾರೆ, ಆಗುತ್ತೆ ಅಂದರೂ 40 ಡಾಲರ್ ಲೇಟ್ ಫೀ ಬೀಳುತ್ತೆ. ಹಾಗಾಗಿ ಆಗಸ್ಟ್, ಸೆಪ್ಟೆಂಬರಿನಲ್ಲೇ ಹತ್ತಿರದ ಹೈಸ್ಕೂಲಿನ ಎಪಿ ಕೋಆರ್ಡಿನೇಟರ್‌ಗೆ ಇಮೇಲ್ ಹಾಕಿ. ಫ್ರಂಟ್ ಆಫೀಸಿಗೆ ಅಲ್ಲ, ಕೋಆರ್ಡಿನೇಟರ್‌ಗೇ. ಅವರು "ಎಕ್ಸಾಮ್ ಓನ್ಲಿ" ಸೆಕ್ಷನ್ನಿನ ಜಾಯಿನ್ ಕೋಡ್ ಕೊಡುತ್ತಾರೆ, ಮಗಳು ಮೈ ಎಪಿ ವೆಬ್‌ಸೈಟಿನಲ್ಲಿ ಅದನ್ನ ಹಾಕಬೇಕು. ಕೋಡ್ ಹಾಕಿದ ಮಾತ್ರಕ್ಕೆ ಪತ್ರಿಕೆ ಆರ್ಡರ್ ಆಯಿತು ಅಂತಲ್ಲ, ಆರ್ಡರ್ ಕಳಿಸೋರು ಕೋಆರ್ಡಿನೇಟರ್. ಆರ್ಡರ್ ಹೋಯಿತಾ ಅಂತ ನವೆಂಬರಿನಲ್ಲಿ ಇನ್ನೊಮ್ಮೆ ಕೇಳಿ. ಅಮೆರಿಕದೊಳಗೆ 2025ರ ಪರೀಕ್ಷೆಗೆ ಒಂದಕ್ಕೆ 99 ಡಾಲರ್ ಇತ್ತು.

ಟೆಕ್ಸಸ್‌ನವರಿಗೆ ಒಂದು ದೊಡ್ಡ ಅನುಕೂಲ ಇದೆ. ರಾಜ್ಯದ ಶಿಕ್ಷಣ ಸಂಹಿತೆಯ 29.916ನೇ ಕಲಂ ಪ್ರಕಾರ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟು ತಾನು ನಡೆಸೋ ಪಿಎಸ್‌ಎಟಿ ಮತ್ತು ಎಪಿ ಪರೀಕ್ಷೆಗೆ ತನ್ನ ವ್ಯಾಪ್ತಿಯ ಹೋಮ್‌ಸ್ಕೂಲ್ ಮಕ್ಕಳನ್ನೂ ಕೂರಿಸಬೇಕು, ತಾರೀಕು ಮತ್ತು ನೋಂದಣಿ ವಿವರವನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಆಫೀಸಿನಲ್ಲಿ ಯಾರಾದರೂ "ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ" ಅಂದರೆ ವಾದಕ್ಕಿಳಿಯದೆ ಈ ಕಲಂ ನಂಬರನ್ನ ವಿನಯವಾಗಿ ಇಮೇಲಿನಲ್ಲಿ ಬರೆದು ಕೌನ್ಸೆಲಿಂಗ್ ವಿಭಾಗಕ್ಕೆ ಕಳಿಸಿ.

ಎಪಿಯಲ್ಲಿ ಇನ್ನೊಂದು ಲೆಕ್ಕ ಇದೆ. ಹನ್ನೆರಡನೇ ಗ್ರೇಡಿನ ಮೇನಲ್ಲಿ ಬರೆದದ್ದರ ಫಲಿತಾಂಶ ಜುಲೈಗೆ ಬರುತ್ತೆ, ಅಷ್ಟೊತ್ತಿಗೆ ಅಡ್ಮಿಷನ್ ಎಲ್ಲ ಮುಗಿದಿರುತ್ತೆ. ಅರ್ಜಿಗೆ ಉಪಯೋಗಕ್ಕೆ ಬರೋದು ಹತ್ತು, ಹನ್ನೊಂದನೇ ಗ್ರೇಡಿನಲ್ಲಿ ಬರೆದವು ಮಾತ್ರ. ಹನ್ನೊಂದರಲ್ಲಿ ಕ್ಯಾಲ್ಕ್ಯುಲಸ್ ಮತ್ತು ಫಿಸಿಕ್ಸ್‌ನ ಒಂದು ಎಪಿ ಆಗುವ ಹಾಗೆ ಹತ್ತನೇ ಗ್ರೇಡಿನ ಗಣಿತವನ್ನ ಈಗಲೇ ಯೋಜಿಸಿ. ಆಲ್ಜೀಬ್ರಾ 2 ಮತ್ತು ಪ್ರಿಕ್ಯಾಲ್ಕ್ಯುಲಸ್ ಎರಡೂ ಹನ್ನೊಂದಕ್ಕೆ ಮುಂಚೆ ಮುಗಿಯಬೇಕು, ಅಂದರೆ ಮುಂದಿನ ಬೇಸಿಗೆಯೂ ಲೆಕ್ಕಕ್ಕೆ ಬೇಕಾಗುತ್ತೆ. ಹಾಗಂತ ಓಡಿಸಬೇಡಿ, ಆಲ್ಜೀಬ್ರಾ 2 ಅರೆಬರೆ ಆಗಿ ಕ್ಯಾಲ್ಕ್ಯುಲಸ್ ಕುಸಿಯೋದಕ್ಕಿಂತ ಕ್ಯಾಲ್ಕ್ಯುಲಸ್ ಹನ್ನೆರಡಕ್ಕೆ ಹೋಗೋದೇ ವಾಸಿ.

ಟ್ರಾನ್ಸ್‌ಕ್ರಿಪ್ಟಿನಲ್ಲಿ ಕೋರ್ಸಿನ ಹೆಸರಿಗೆ "ಎಪಿ" ಸೇರಿಸಬೇಕಾದರೆ ಎಪಿ, ಎಸ್‌ಎಟಿ ನಡೆಸೋ ಕಾಲೇಜ್ ಬೋರ್ಡ್ ಸಂಸ್ಥೆಯ ಕೋರ್ಸ್ ಆಡಿಟ್‌ನಲ್ಲಿ ನಿಮ್ಮ ಸಿಲಬಸ್ ಒಪ್ಪಿಗೆ ಆಗಿರಬೇಕು. ಹೋಮ್‌ಸ್ಕೂಲ್ ಪೋಷಕರೂ ಸಲ್ಲಿಸಬಹುದು. ಇಲ್ಲದಿದ್ದರೆ "ಆನರ್ಸ್ ಕ್ಯಾಲ್ಕ್ಯುಲಸ್" ಅಂತ ಬರೆದು ಎಪಿ ಸ್ಕೋರನ್ನ ಬೇರೆ ತೋರಿಸಿ.

ಪಿಎಸ್‌ಎಟಿ: ಅಕ್ಟೋಬರಿನಲ್ಲಿ. ನ್ಯಾಷನಲ್ ಮೆರಿಟ್ ಅನ್ನೋ ವಿದ್ಯಾರ್ಥಿವೇತನಕ್ಕೆ ಲೆಕ್ಕಕ್ಕೆ ಬರೋದು ಹನ್ನೊಂದನೇ ಗ್ರೇಡಿನದು. ಹತ್ತರಲ್ಲಿ ಬರೆಸಿದರೆ ಅಭ್ಯಾಸ. ಅದಕ್ಕೆ ಆರಿಸೋಕೆ ನೋಡೋ ಸೆಲೆಕ್ಷನ್ ಇಂಡೆಕ್ಸ್‌ನ ಲೆಕ್ಕ: ಓದು-ಬರಹದ ಅಂಕವನ್ನ ಎರಡರಿಂದ ಗುಣಿಸಿ, ಗಣಿತ ಕೂಡಿಸಿ, ಹತ್ತರಿಂದ ಭಾಗಿಸಿ. ಓದು-ಬರಹ 720, ಗಣಿತ 740 ಬಂದರೆ 218. ಗರಿಷ್ಠ 228. ಓದು-ಬರಹಕ್ಕೆ ಎರಡು ಪಟ್ಟು ತೂಕ ಇರೋದರಿಂದ ಗಣಿತದಲ್ಲಿ ಚುರುಕಾಗಿರೋ ಮಕ್ಕಳು ಇಲ್ಲೇ ಹಿಂದೆ ಬೀಳೋದು. ಗಮನ ಕೊಡಿ.

ಎಸ್‌ಎಟಿ: ಇದಕ್ಕೆ ಯಾವ ಶಾಲೆಯ ಅಪ್ಪಣೆಯೂ ಬೇಡ, ನೀವೇ ಆನ್‌ಲೈನ್‌ನಲ್ಲಿ ನೋಂದಾಯಿಸಬಹುದು. ಹೈಸ್ಕೂಲ್ ಕೋಡ್ ಕೇಳುವಾಗ ಹೋಮ್‌ಸ್ಕೂಲಿನ ಕೋಡ್ 970000 ಹಾಕಿ (ಎಸ್‌ಎಟಿ ಬದಲು ಬರೆಯಬಹುದಾದ ಎಸಿಟಿಗೆ 969999). ಪಕ್ಕದ ಶಾಲೆಯ ಕೋಡ್ ಹಾಕಿದರೆ ಸ್ಕೋರ್ ಅವರಿಗೆ ಹೋಗುತ್ತೆ. ಒಟ್ಟು 2 ಗಂಟೆ 14 ನಿಮಿಷ: ಓದು-ಬರಹ 54 ಪ್ರಶ್ನೆಗೆ 64 ನಿಮಿಷ, ಗಣಿತ 44 ಪ್ರಶ್ನೆಗೆ 70 ನಿಮಿಷ. ಎರಡೂ ತಲಾ ಎರಡು ಮಾಡ್ಯೂಲ್. ಮೊದಲನೆಯದರಲ್ಲಿ ಹೇಗೆ ಮಾಡಿದರು ಅನ್ನೋದರ ಮೇಲೆ ಎರಡನೆಯದರ ಕಷ್ಟ ತೀರ್ಮಾನವಾಗುತ್ತೆ. ಮೊದಲ ಮಾಡ್ಯೂಲಿನಲ್ಲಿ ಸುಲಭದ ಪ್ರಶ್ನೆ ಅವಸರದಲ್ಲಿ ತಪ್ಪಿದರೆ ಮೇಲಿನ ಅಂಕಗಳ ದಾರಿಯೇ ಮುಚ್ಚುತ್ತೆ.

ಹೋಮ್‌ಸ್ಕೂಲ್ ಮಕ್ಕಳು ಪರೀಕ್ಷೆ ದಿನ ಬಾಗಿಲಲ್ಲೇ ಸಿಕ್ಕಿಹಾಕಿಕೊಳ್ಳೋದು ಎರಡು ಕಾರಣಕ್ಕೆ. ಒಂದು, ಶಾಲೆಯ ಐಡಿ ಇರಲ್ಲ. ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ, ಅದೇ ಸುಲಭ. ಅದಿಲ್ಲದಿದ್ದರೆ ಕಾಲೇಜ್ ಬೋರ್ಡಿನ ಸ್ಟೂಡೆಂಟ್ ಐಡಿ ಫಾರ್ಮನ್ನ ನೋಟರಿ ಹತ್ತಿರ ಮಾಡಿಸಬೇಕು. ನೋಂದಣಿಯಲ್ಲಿರೋ ಹೆಸರೂ ಐಡಿಯಲ್ಲಿರೋ ಹೆಸರೂ ಒಂದೇ ಆಗಿರಬೇಕು. ನಮ್ಮ ಕಡೆ ಇನಿಷಿಯಲ್, ಅಪ್ಪನ ಹೆಸರು ಹಿಂದೆ ಮುಂದೆ ಆಗಿರೋದು ಇಲ್ಲಿ ತೊಂದರೆ ಕೊಡುತ್ತೆ, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ. ಎರಡು, ಕ್ರೋಮ್‌ಬುಕ್. ಎಸ್‌ಎಟಿ ಬರೆಯೋದು ಕಂಪ್ಯೂಟರಿನಲ್ಲಿ, ಅದರ ಬ್ಲೂಬುಕ್ ಆ್ಯಪ್ ಓಡೋದು ವಿಂಡೋಸ್, ಮ್ಯಾಕ್, ಐಪ್ಯಾಡ್ ಮತ್ತು ಶಾಲೆ ನಿರ್ವಹಿಸೋ ಕ್ರೋಮ್‌ಬುಕ್ಕಿನಲ್ಲಿ. ಮನೆಯ ಸ್ವಂತ ಕ್ರೋಮ್‌ಬುಕ್ಕಿನಲ್ಲಿ ಓಡಲ್ಲ. ಬೇರೆ ಇಲ್ಲದಿದ್ದರೆ ಎರವಲು ಲ್ಯಾಪ್‌ಟಾಪಿಗೆ ಕನಿಷ್ಠ 30 ದಿನ ಮುಂಚೆ ಅರ್ಜಿ ಹಾಕಬೇಕು.

ಹೆಚ್ಚುವರಿ ಸಮಯದಂಥ ಸೌಲಭ್ಯ ಬೇಕಿದ್ದ ಮಕ್ಕಳಿದ್ದರೆ ಒಪ್ಪಿಗೆಗೆ 7 ವಾರ ಹಿಡಿಯಬಹುದು, ಅದನ್ನ ನೋಂದಣಿಗೂ ಮುಂಚೆ ಶುರುಮಾಡಿ.

ಮನೆಯೇಶಾಲೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಧನ್ಯವಾದ. ಮನೆಯಲ್ಲಿರೋದು ಕ್ರೋಮ್‌ಬುಕ್ಕೇ, ಈಗ ಗೊತ್ತಾದದ್ದು ಒಳ್ಳೇದಾಯಿತು. ಎರಡು ಪ್ರಶ್ನೆ ಉಳಿದಿವೆ: ಟೆಸ್ಟ್ ಆಪ್ಷನಲ್ ಕಡೆಯೂ ಎಸ್‌ಎಟಿ ಕಳಿಸಲೇಬೇಕಾ? ಭಾಷೆಯ 2 ಕ್ರೆಡಿಟ್‌ಗೆ ಕನ್ನಡವನ್ನೇ ತೋರಿಸಬಹುದಾ? ಅವಳು ಓದುತ್ತಾಳೆ, ಬರೆಯುತ್ತಾಳೆ, ವಾರಾಂತ್ಯದ ಕನ್ನಡ ಕಲಿ ತರಗತಿಗೂ ಹೋಗುತ್ತಾಳೆ.

ಸೆಮಿಸ್ಟರ್

ಟೆಸ್ಟ್ ಆಪ್ಷನಲ್ ಅನ್ನೋ ಮಾತು ಹಳೆಯದಾಗ್ತಿದೆ ಅಕ್ಕ. ಎಂಐಟಿ 2022ರಲ್ಲೇ ಎಸ್‌ಎಟಿ ಅಥವಾ ಎಸಿಟಿಯನ್ನ ಮತ್ತೆ ಕಡ್ಡಾಯ ಮಾಡಿತು. ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್ಟೆಕ್ 2024ರಲ್ಲಿ ಅದನ್ನೇ ಘೋಷಿಸಿದವು. ನಿಮ್ಮದೇ ರಾಜ್ಯದ ಯೂನಿವರ್ಸಿಟಿ ಆಫ್ ಟೆಕ್ಸಸ್ (ಯುಟಿ) ಆಸ್ಟಿನ್ ಕೂಡ 2024ರಲ್ಲೇ ಘೋಷಿಸಿ, 2025ರ ಫಾಲ್‌ಗೆ (ಆಗಸ್ಟಿನ ಸೆಮಿಸ್ಟರಿಗೆ) ಸೇರೋರಿಂದ ಕಡ್ಡಾಯ ಮಾಡಿತು. ಬೇರೆಯವರಿಗೆ ಐಚ್ಛಿಕ ಇಟ್ಟು ಹೋಮ್‌ಸ್ಕೂಲ್‌ನವರಿಗೆ ಮಾತ್ರ ಸ್ಕೋರ್ ಕೇಳೋ ಕಾಲೇಜುಗಳೂ ಇವೆ. ಇನ್ನು ಟೆಕ್ಸಸ್ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಕ್ಲಾಸ್ ರ್‍ಯಾಂಕ್ (ಹೈಸ್ಕೂಲಿನ ತನ್ನ ಬ್ಯಾಚಿನಲ್ಲಿ ಎಷ್ಟನೇ ಸ್ಥಾನ ಅನ್ನೋದು) ಮುಖ್ಯ, ಹೋಮ್‌ಸ್ಕೂಲ್‌ಗೆ ರ್‍ಯಾಂಕೇ ಇಲ್ಲ. ಕಾನೂನು ಏನು ಹೇಳುತ್ತೆ ಅಂದರೆ, ರ್‍ಯಾಂಕ್ ನೋಡೋ ಕಡೆ ನಿಮ್ಮ ಮಗಳಷ್ಟೇ ಟೆಸ್ಟ್ ಸ್ಕೋರ್ ಇರೋ ಅರ್ಜಿದಾರರ ಸರಾಸರಿ ರ್‍ಯಾಂಕನ್ನ ಅವಳಿಗೆ ಕೊಡಬೇಕು. ಅಂದಮೇಲೆ ಎಸ್‌ಎಟಿ ಇಲ್ಲದೆ ರ್‍ಯಾಂಕ್ ಹುಟ್ಟೋದೇ ಇಲ್ಲ.

ಪೂರ್ತಿ ಬೇರೆ ಥರ ಇರೋದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳು: ಪ್ರವೇಶ ತೀರ್ಮಾನಕ್ಕೆ ಎಸ್‌ಎಟಿ ನೋಡೋದೇ ಇಲ್ಲ. ಅಲ್ಲಿ "ಎ-ಜಿ" ಅನ್ನೋ 15 ಕೋರ್ಸುಗಳ ಷರತ್ತು ಇದೆ, ಮನೆಯ ಕೋರ್ಸು ಅದಕ್ಕೆ ತಾನಾಗಿ ಲೆಕ್ಕಕ್ಕೆ ಬರಲ್ಲ. ಕಮ್ಯುನಿಟಿ ಕಾಲೇಜು (ಎರಡು ವರ್ಷದ ಸ್ಥಳೀಯ ಕಾಲೇಜು) ಕೋರ್ಸು, ಎಪಿ ಸ್ಕೋರುಗಳಿಂದ ತುಂಬಬೇಕು.

ಪರೀಕ್ಷೆಯಷ್ಟೇ ಬೆಲೆ ಇರೋ ಸಾಕ್ಷಿ ಅಂದರೆ ಡ್ಯುಯಲ್ ಕ್ರೆಡಿಟ್: ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರೋ ಕೋರ್ಸು. ಹನ್ನೊಂದರಿಂದ ಕಮ್ಯುನಿಟಿ ಕಾಲೇಜಿನಲ್ಲಿ ಒಂದೊಂದು ಕೋರ್ಸ್ ತೆಗೆದುಕೊಳ್ಳಲಿ. ಅದಕ್ಕೆ ಕಾಲೇಜು ಪಾಠಕ್ಕೆ ಸಿದ್ಧರಾ ಅಂತ ನೋಡೋ ಟಿಎಸ್‌ಐ ಅನ್ನೋ ಪರೀಕ್ಷೆ ಪಾಸಾಗಬೇಕು; ಎಸ್‌ಎಟಿಯಲ್ಲಿ ಓದು-ಬರಹ 480, ಗಣಿತ 530 ಇದ್ದರೆ ವಿನಾಯಿತಿ. ಟೆಕ್ಸಸ್‌ನ ಕೋರ್ಸ್ ಸಂಖ್ಯೆಯಲ್ಲೇ ಮಾಹಿತಿ ಇದೆ: ಇಂಗ್ಲಿಷ್ 1301ರಲ್ಲಿ ಮೊದಲ ಅಂಕಿ 1 ಅಂದರೆ ಮೊದಲ ವರ್ಷ, ಎರಡನೆಯ ಅಂಕಿ 3 ಅಂದರೆ 3 ಕ್ರೆಡಿಟ್ ಅವರ್. ಕ್ಯಾಲ್ಕ್ಯುಲಸ್ ಗಣಿತ 2413, ಅದು 4 ಅವರ್. ಒಂದು ಸೆಮಿಸ್ಟರಿನ ಇಂಥ ಕೋರ್ಸನ್ನ ಮನೆಯ ಟ್ರಾನ್ಸ್‌ಕ್ರಿಪ್ಟಿನಲ್ಲಿ 1 ಕ್ರೆಡಿಟ್ ಅಂತ ಬರೆಯೋದು ವಾಡಿಕೆ. ಮೊದಲ ಸೆಮಿಸ್ಟರಿಗೆ 1301 ಒಂದೇ ಸಾಕು. ಇಲ್ಲಿನ ಅಂಕ ಅಳಿಸೋಕಾಗಲ್ಲ, ಮುಂದೆ ಅರ್ಜಿ ಹಾಕೋ ಎಲ್ಲ ಕಡೆಗೂ ಕಳಿಸಬೇಕು. ಕಷ್ಟ ಅನ್ನಿಸಿದರೆ 16 ವಾರದ ಸೆಮಿಸ್ಟರಿನಲ್ಲಿ ಕಾಲೇಜಿನ ಪಾಠ ನಡೆಯೋ 12ನೇ ದಿನದೊಳಗೆ ಬಿಟ್ಟರೆ ದಾಖಲೆಯಲ್ಲಿ ಉಳಿಯಲ್ಲ. ಆಮೇಲೆ ಬಿಟ್ಟರೆ ನಡುವೆ ಬಿಟ್ಟರು ಅನ್ನೋ "ಡಬ್ಲ್ಯು" ಗುರುತು ಉಳಿಯುತ್ತೆ.

ಶಿಫಾರಸು ಪತ್ರವೂ ಅಲ್ಲಿಂದಲೇ ಸಿಗುತ್ತೆ. ಟೀಚರ್ ಪತ್ರವನ್ನ ಅಪ್ಪ ಅಮ್ಮ ಬರೆಯೋ ಹಾಗಿಲ್ಲ. ಎಂಐಟಿ ಒಂದು ಗಣಿತ ಅಥವಾ ವಿಜ್ಞಾನದವರಿಂದ, ಇನ್ನೊಂದು ಭಾಷೆ, ಸಮಾಜ ವಿಜ್ಞಾನದಂಥ ವಿಷಯದವರಿಂದ ಕೇಳುತ್ತೆ. ಹನ್ನೊಂದನೇ ಗ್ರೇಡಿನಲ್ಲಿ ಅಂಥ ಇಬ್ಬರ ಹತ್ತಿರ ಓದಿರೋ ಹಾಗೆ ನೋಡಿಕೊಳ್ಳಿ.

ಕನ್ನಡ ಖಂಡಿತ ತೋರಿಸಿ. ಮನೆಯಲ್ಲಿ ಮಾತಾಡೋದಕ್ಕೆ ಕ್ರೆಡಿಟ್ ಇಲ್ಲ, ಓದು, ಬರಹ, ವ್ಯಾಕರಣಕ್ಕೆ ಇದೆ. "ಕನ್ನಡ 1", "ಕನ್ನಡ 2" ಅಂತ ಹೆಸರಿಟ್ಟು, ಓದಿದ ಪುಸ್ತಕಗಳ ಪಟ್ಟಿ, ಬರೆದ ಪ್ರಬಂಧಗಳ ಸಂಖ್ಯೆ, ಅಂಕ ಹೇಗೆ ಕೊಟ್ಟಿರಿ ಅನ್ನೋದು ವಿವರಣೆಯಲ್ಲಿರಲಿ. ವಾರಾಂತ್ಯದ ತರಗತಿಯ ಗಂಟೆಗಳು 120ಕ್ಕೆ ಸಾಲಲ್ಲ. ಮನೆಯ ಓದಿನ ಗಂಟೆ ಸೇರಿಸಿ, ತರಗತಿಯ ಗುರುಗಳಿಂದ ಹಾಜರಿ ಮತ್ತು ಮಟ್ಟದ ಬಗ್ಗೆ ಒಂದು ಪತ್ರ ತೆಗೆದಿಟ್ಟುಕೊಳ್ಳಿ. ಪತ್ರ ಮುಂದೆ ತೆಗೆದುಕೊಳ್ಳೋಣ ಅಂತ ಬಿಡಬೇಡಿ, ಗುರುಗಳು ಊರು ಬದಲಾಯಿಸುತ್ತಾರೆ.

ಅಂಕಪಟ್ಟಿ

ಕೌನ್ಸೆಲರ್ ಪ್ರಶ್ನೆ ಉಳಿದಿತ್ತು. ಕೌನ್ಸೆಲರ್ ನೀವೇ ಮೇಡಂ. ಮಗಳು ಕಾಮನ್ ಆ್ಯಪ್‌ನ ಶಿಕ್ಷಣ ಭಾಗದಲ್ಲಿ ಶಾಲೆಯ ಜಾಗದಲ್ಲಿ ಹೋಮ್‌ಸ್ಕೂಲ್ ಆರಿಸಬೇಕು, ಆಮೇಲೆ ಫರ್ಪಾ (ವಿದ್ಯಾರ್ಥಿಯ ದಾಖಲೆಗಳ ಗೋಪ್ಯತೆಯ ಕಾನೂನು) ಒಪ್ಪಿಗೆ ಮುಗಿಸಬೇಕು, ಅದಾದಮೇಲೆ ನಿಮ್ಮ ಇಮೇಲಿಗೆ ಆಹ್ವಾನ ಕಳಿಸಬೇಕು. ಫರ್ಪಾ ಆಗದಿದ್ದರೆ ಆಹ್ವಾನ ಕಳಿಸೋಕೇ ಬಿಡಲ್ಲ. ಮಗಳ ಅರ್ಜಿಗೂ ನಿಮ್ಮ ಕೌನ್ಸೆಲರ್ ಖಾತೆಗೂ ಒಂದೇ ಇಮೇಲ್ ಕೊಡಬೇಡಿ. ಆ ವರ್ಷದ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತೆ.

ನಿಮ್ಮ ಕಡೆಯಿಂದ ಹೋಗಬೇಕಾದದ್ದು ಸ್ಕೂಲ್ ರಿಪೋರ್ಟ್, ಟ್ರಾನ್ಸ್‌ಕ್ರಿಪ್ಟ್, ಸ್ಕೂಲ್ ಪ್ರೊಫೈಲ್, ಕೌನ್ಸೆಲರ್ ಪತ್ರ. ಪ್ರೊಫೈಲ್ ಒಂದು ಪುಟ: ಯಾವ ಪದ್ಧತಿಯಲ್ಲಿ ಕಲಿಸಿದಿರಿ, ಹೊರಗಿನ ಕೋರ್ಸು ಯಾವುವು, ಅಂಕ ಹೇಗೆ, ರ್‍ಯಾಂಕ್ ಇಲ್ಲ ಅನ್ನೋದು. ಪತ್ರದಲ್ಲಿ ತಾಯಿಯ ಹೆಮ್ಮೆ ಇಣುಕೋದು ಸಹಜ, ಆದರೆ ವಿಶೇಷಣ ಬಿಟ್ಟು ಘಟನೆ ಬರೆಯಿರಿ. "ತುಂಬಾ ಶ್ರಮಜೀವಿ" ಅಂದರೆ ಯಾರಿಗೂ ಏನೂ ಕಾಣಲ್ಲ. ಕೈಯಾರೆ ಮಾಡಿದ ನೀರಿನ ಪಂಪಿನ ಮಾದರಿ ಮೂರು ಸಲ ಸೋರಿತು, ಮೊದಲ ಸಲ ವಾಷರ್ ಬದಲಿಸಿದಳು, ಎರಡನೇ ಸಲ ರಂಧ್ರದ ಅಳತೆ, ಮೂರನೇ ಸಲ ಇಡೀ ಕವಾಟವನ್ನೇ ಬೇರೆ ಥರ ವಿನ್ಯಾಸ ಮಾಡಿದಳು ಅಂತ ಬರೆದರೆ ಹುಡುಗಿ ಕಣ್ಣಿಗೆ ಕಾಣುತ್ತಾಳೆ.

ಅರ್ಜಿ ಕಳಿಸಿದ ಮೇಲೂ ನಿಮ್ಮ ಕೆಲಸ ಮುಗಿಯಲ್ಲ. ಜನವರಿ ಹೊತ್ತಿಗೆ ಮೊದಲ ಸೆಮಿಸ್ಟರಿನ ಅಂಕ ಹಾಕಿ ಮಿಡ್‌ಇಯರ್ ರಿಪೋರ್ಟ್, ಓದು ಮುಗಿದ ಮೇಲೆ ಗ್ರ್ಯಾಜುಯೇಷನ್ ತಾರೀಕು ಹಾಕಿ ಸಹಿ ಮಾಡಿದ ಅಂತಿಮ ಟ್ರಾನ್ಸ್‌ಕ್ರಿಪ್ಟ್. ಶಾಲೆಗಳಲ್ಲಿ ಇದೆಲ್ಲ ಆಫೀಸಿನವರು ತಾವಾಗೇ ಕಳಿಸುತ್ತಾರೆ, ನಮಗೆ ನೆನಪಿಸೋರಿಲ್ಲ, ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಸೆಮಿಸ್ಟರ್

ಒಂದು ಬಿಟ್ಟುಹೋಗಿತ್ತು. ಟೆಕ್ಸಸ್‌ನಲ್ಲಿ 22 ವರ್ಷದೊಳಗಿನ ಹೊಸ ಕಾಲೇಜು ವಿದ್ಯಾರ್ಥಿಗಳು ಮೆನಿಂಜೈಟಿಸ್ ಲಸಿಕೆಯ ದಾಖಲೆ ಕೊಡಬೇಕು. ಹಿಂದಿನ ಐದು ವರ್ಷದೊಳಗೆ, ತರಗತಿ ಶುರುವಾಗೋದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. ಕ್ಯಾಂಪಸ್ಸಿಗೆ ಹೋಗಿ ಓದೋ ಡ್ಯುಯಲ್ ಕ್ರೆಡಿಟ್‌ಗೂ ಇದನ್ನ ಕೇಳುತ್ತಾರೆ, ದಾಖಲೆ ಇಲ್ಲದಿದ್ದರೆ ನೋಂದಣಿ ತಡೆಹಿಡಿಯುತ್ತಾರೆ. ಹನ್ನೊಂದಕ್ಕೆ ಮುಂಚಿನ ಬೇಸಿಗೆಯ ಡಾಕ್ಟರ್ ಭೇಟಿಯಲ್ಲೇ ಹಾಕಿಸಿ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.